ವೀಡಿಯೊದಲ್ಲಿ ನಿಂತುಹೋದ ವರ

ಶಿವಾಜಿನಗರದ ಸ್ಟ್ಯಾಂಡಿನಲ್ಲಿ ಕೊಂಢವಾ ಬಸ್ಸಿಗೆ ಕಾಯುತ್ತಿದ್ದ ಗಾರೆ ಕೆಲಸದ ಅಂಬಾದಾಸನಿಗೆ ಸುತ್ತಲಿನ ಮರಾಠಿ ಮಾತುಗಳ ನಡುವೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಮೈಸೂರು ಕಡೆಯ ತಾಯಿ, ಮಗಳು. ಅವನು ತಿರುಗಿ ನೋಡದೆ ಕಿವಿಯನ್ನಷ್ಟೇ ಅತ್ತ ಕೊಟ್ಟ.

“ಆ ದರಿದ್ರ ಇಂಟರ್‌ನೆಟ್ ಕಿತ್ತು ಬಿಸಾಕು, ಧನು. ಸೀರಿಯಲ್ ಹಾಕಿದ್ರೆ ಬರೀ ಚಕ್ರ ತಿರುಗತ್ತೆ. ನಿನ್ನೆ ವೀಡಿಯೊ ಕಾಲ್‌ನಲ್ಲಿ ಗಂಡಿನೋರ ಮುಂದೆ ಮಾನಾನೂ ಹೋಯ್ತು.”

“ನಿನ್ನೆ ನೆಟ್ ಚೆನ್ನಾಗೇ ಇತ್ತಮ್ಮ.”

“ಏನ್ ಚೆನ್ನಾಗಿತ್ತು, ಮಣ್ಣು! ಮದುವೆ ಆದ್ಮೇಲೂ ಅಮ್ಮ ನನ್ ಜೊತೇಲೇ ಇರ್ತಾರೆ ಅಂತ ನೀನು ಹೇಳ್ದೆ. ಪಾಪ, ಆ ಹುಡುಗ ಬಾಯಿ ತೆರ್ಕೊಂಡು ಹಾಗೇ ನಿಂತುಬಿಟ್ಟ. ಆಮೇಲೆ ಕಾಲೇ ಕಟ್ಟಾಯ್ತು.”

ಅಯ್ಯೋ ಪಾಪ ಎಂದು ಅಂಬಾದಾಸನೂ ಮನಸ್ಸಿನಲ್ಲೇ ಮರುಗಿದ.

“ಅವನು ನಿಂತಿದ್ದು ನಿಜ.”

“ಮತ್ತೆ? ದುಡ್ಡು ತಗೊಳೋ ಕಂಪನಿಯೋರಿಗೆ ನಾಚಿಕೆ ಬೇಡ್ವಾ? ಇವತ್ತು ಇನ್ನೊಂದ್ಸಲ ಕಾಲ್ ಮಾಡಿ ಅವನ ಉತ್ತರ ಕೇಳೋಣ.”

“ಉತ್ತರ ನಿನ್ನೇನೇ ಬಂತಮ್ಮ. ಅವನು ನಿಂತಿದ್ದ, ಅವನ ತಲೆ ಮೇಲಿನ ಫ್ಯಾನ್ ತಿರುಗ್ತಾನೇ ಇತ್ತು.”

ಅಷ್ಟರಲ್ಲಿ ಅವರ ಬಸ್ಸು ಬಂತು. ಮಗಳ ಕೈ ಹಿಡಿದು ಮೆಟ್ಟಿಲು ಹತ್ತುತ್ತಾ ತಾಯಿ ಅಂದಳು:

“ಥೂ! ಫ್ಯಾನ್ ಆರಿಸೋ ಬುದ್ಧೀನೂ ಇಲ್ದೋನು ನಮಗ್ಯಾಕೆ, ಬಿಡು.”