ತೂಕ್ಕಂ

ಮೈಲಾಪೂರ್ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಕನ್ನಡ ಕೇಳಿಬಂದಾಗ ಅಮ್ಮಣ್ಣಿಯವರ ಕಿವಿ ನೆಟ್ಟಗಾಯಿತು. ನರ್ಸಿಂಗ್ ಕಲಿಯಲು ಮೈಸೂರಿನಿಂದ ಬಂದ ಹುಡುಗಿ ತನ್ನ ಸೋದರತ್ತೆಗೆ ಹೇಳುತ್ತಿದ್ದಳು.

“ರಾತ್ರಿ ಡ್ಯೂಟಿ ಹುಡುಗೀರ ಮೇಲೆ ನಮ್ಮ ಟ್ಯೂಟರ್ ರಿಸರ್ಚ್ ಮಾಡ್ತಿದಾರೆ ಅತ್ತೆ. ‘ತೂಕ್ಕಂ ಎಪ್ಪಡಿ?’ ಅಂದ್ರು. ತೊಂಬತ್ತು ಪೌಂಡು ಅಂದೆ.”

“ಅಯ್ಯೋ ಪೆದ್ದೇ! ತಮಿಳಲ್ಲಿ ತೂಕ್ಕಂ ಅಂದ್ರೆ ನಿದ್ದೆ ಕಣೇ, ನಿದ್ದೆ ಹೇಗಿದೆ ಅಂತ ಕೇಳಿದ್ದು. ನಕ್ಕಿರಬೇಕು.”

“ನಕ್ಕರು. ಆಮೇಲೆ ಎಲ್ಲರನ್ನೂ ತೂಕ ಹಾಕಿಸಿದ್ರು. ನಿದ್ದೆಗೆಟ್ಟವರ ತೂಕಾನೂ ಸೇರಿದಾಗ ಇದ್ದದ್ದಕ್ಕಿಂತ ಇಳಿದಿತ್ತು.”

“ಅದಕ್ಕೇನು ಮಾಡಿದ್ರು?”

“ರಾತ್ರಿ ಡ್ಯೂಟಿ ಮಾಡಿದೋರಿಗೆ ಇನ್ಮೇಲೆ ಬೆಳಗ್ಗೆ ಕ್ಲಾಸಿಲ್ಲ. ಮಲಗೋದೇ ಪಾಠ ಅಂತೆ. ನನ್ನಿಂದಲೇ!”

ಅಮ್ಮಣ್ಣಿಯವರು ಇಳಿಯಲು ಎದ್ದಾಗ ಹುಡುಗಿ ಅತ್ತೆಯ ಹೆಗಲಿಗೊರಗಿ ಆಗಲೇ ಪಾಠ ಶುರುಮಾಡಿದ್ದಳು. ಸೀಟಿ ಊದಬೇಡವೆಂದು ಅವರು ಕಂಡಕ್ಟರಿಗೆ ಕೈಸನ್ನೆ ಮಾಡಿದರು.