ಕೊಯ್ಯದೆ ಬಿಟ್ಟ ನಾಲ್ಕು ತುಂಡು ಹುಲ್ಲು

ಟ್ರ್ಯಾಕ್ಟರಕ್ಕ ಎಂದು ಎಲ್ಲರೂ ಕರೆಯುವ ನಾನು, ವಯಸ್ಸು ನಲವತ್ತಾರು, ಕಸುಬು ಬಾಡಿಗೆಗೆ ಹುಲ್ಲು ಕೊಯ್ದುಕೊಡುವುದು, ವಾಸ ಲಾರಿ ತೂಗುವ ವೇ ಬ್ರಿಡ್ಜ್ ಹಿಂದಿನ ಓಣಿಯ ಕೊನೆಯ ಮನೆ, ಈ ದಿನ ಠಾಣೆಗೆ ಖುದ್ದಾಗಿ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಹಾಲಿನ ಫಾರ್ಮಿನ ಹುಲ್ಲುಗಾವಲನ್ನು ಹಲವು ವರ್ಷಗಳಿಂದ ನಾನೇ ಕೊಯ್ಯುತ್ತಿದ್ದೇನೆ. ಟ್ರ್ಯಾಕ್ಟರು, ಅದರ ಹಿಂದಿನ ಕೊಯ್ಯುವ ಯಂತ್ರ ಎರಡೂ ನನ್ನ ಹೆಸರಿನಲ್ಲಿವೆ. ಕೊಯ್ದ ಹುಲ್ಲನ್ನು ನನ್ನ ಗಂಡ ಎಳೆದು ಒಟ್ಟುತ್ತಾರೆ. ನನ್ನ ಮೈದುನನಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಅವನಿಗೆ ಟ್ರ್ಯಾಕ್ಟರ್ ಓಡಿಸಲು ಕಲಿಸಿದವಳು ನಾನೇ. ಅದಕ್ಕಾಗಿ ಈಗ ಕೈ ಕೈ ಹಿಸುಕಿಕೊಳ್ಳುತ್ತಿದ್ದೇನೆ.

ಕಳೆದ ಸೋಮವಾರ ಬೆಳಿಗ್ಗೆ ಏಳಕ್ಕೆ ಕೊಯ್ಲು ಶುರುಮಾಡಿದೆ. ನಾನು ಯಾವಾಗಲೂ ಹೊಲದ ನಡುವಿನಿಂದ ಹೊರಕ್ಕೆ ಕೊಯ್ಯುವವಳು. ಅಂಚಿನಿಂದ ಒಳಕ್ಕೆ ಸುತ್ತಿದರೆ ಹುಲ್ಲಿನಲ್ಲಿರುವ ಜೀವಗಳೆಲ್ಲ ನಡುವೆ ಸಿಕ್ಕಿಕೊಂಡು ಸಾಯುತ್ತವೆ. ಸುಮಾರು ಒಂಬತ್ತಕ್ಕೆ ಮುಂದಿನ ಚಕ್ರದ ಪಕ್ಕದಿಂದ ಒಂದು ಲಾವುಗೆ ಹಕ್ಕಿ ಪುರ್ರನೆ ಎದ್ದಿತು. ಇಳಿದು ನೋಡಿದೆ. ನೆಲದಲ್ಲಿ ಅಂಗೈಯಗಲದ ತಗ್ಗು, ಒಣಹುಲ್ಲಿನ ಹಾಸು, ಅದರಲ್ಲಿ ಒಂಬತ್ತು ಮೊಟ್ಟೆ. ಸುತ್ತ ಒಂದು ಕೋಣೆಯಷ್ಟು ಹುಲ್ಲನ್ನು ಕೊಯ್ಯದೆ ಬಿಟ್ಟೆ. ಒಂದೇ ತುಂಡು ಬಿಟ್ಟರೆ ಕಾಗೆಗೂ ನಾಯಿಗೂ ವಿಳಾಸ ಬರೆದುಕೊಟ್ಟ ಹಾಗೆ. ಆದ್ದರಿಂದ ಅಷ್ಟೇ ಅಳತೆಯ ಇನ್ನೂ ಮೂರು ತುಂಡುಗಳನ್ನು ಬೇರೆ ಬೇರೆ ಕಡೆ ಸುಮ್ಮನೆ ಬಿಟ್ಟೆ. ಫಾರ್ಮಿನ ಮೇಲ್ವಿಚಾರಕರು ಬಂದು, ಇದೊಳ್ಳೆ ಕ್ಷೌರ ಕಣಮ್ಮ, ಅಲ್ಲಲ್ಲಿ ಜುಟ್ಟು ಬಿಟ್ಟಿದ್ದೀಯಲ್ಲ ಎಂದು ನಕ್ಕು, ಮರಿ ಏಳುವವರೆಗೆ ಹಾಗೇ ಇರಲಿ ಎಂದರು.

ಅದೇ ಸಂಜೆ ಊಟಕ್ಕೆ ಕೂತಾಗ, ಗೂಡು ಇರುವುದು ಪಂಪಿನ ಮನೆ ಕಡೆಯ ತುಂಡಿನಲ್ಲಿ, ಹುಲ್ಲು ಎಳೆಯುವಾಗ ಅದರ ಹತ್ತಿರ ಹೋಗಬೇಡಿ ಎಂದು ನನ್ನ ಗಂಡನಿಗೆ ಹೇಳಿದೆ. ಅಯ್ಯೋ ಮಾರಾಯ್ತಿ, ನಿನ್ ಬಾಣಂತಿ ತಂಟೆಗೆ ನಾನ್ಯಾಕೆ ಹೋಗ್ಲಿ ಎಂದು ಅವರು ತಮಾಷೆ ಮಾಡಿದರು. ಗೂಡು ಯಾವ ತುಂಡಿನಲ್ಲಿದೆ ಎಂದು ನಾನು ಬೇರೆ ಯಾರ ಹತ್ತಿರವೂ, ಮೇಲ್ವಿಚಾರಕರ ಹತ್ತಿರವೂ, ಬಾಯಿ ಬಿಟ್ಟಿಲ್ಲ.

ಗುರುವಾರ ಬೆಳಿಗ್ಗೆ ದವಡೆ ಹಲ್ಲು ಕೀಳಿಸಲು ಹೋಗುವಾಗ ದಾರಿಯಲ್ಲಿ ಗೂಡನ್ನು ನೋಡಿಕೊಂಡು ಹೋದೆ. ಐದು ಹೆಜ್ಜೆ ಹತ್ತಿರ ಹೋದರೂ ಹಕ್ಕಿ ಏಳಲಿಲ್ಲ. ಮೊಟ್ಟೆ ಒಡೆಯುವ ಕಾಲ ಹತ್ತಿರವಾದಷ್ಟೂ ತಾಯಿ ಬಿಗಿಯಾಗಿ ಕೂರುತ್ತದೆ. ಇನ್ನೆರಡು ದಿನ ಕಳೆದಿದ್ದರೆ ಮರಿಗಳು ಚಿಪ್ಪಿನಿಂದ ಹೊರಬಂದ ದಿನವೇ ಓಡಿಹೋಗುತ್ತಿದ್ದವು. ಲಾವುಗೆಯ ಮರಿಗಳೇ ಹಾಗೆ.

ಮಧ್ಯಾಹ್ನ ಹನ್ನೆರಡೂವರೆಗೆ ವಾಪಸು ಬಂದೆ. ಬಾಯಿ ತುಂಬ ಹತ್ತಿ, ಅರ್ಧ ಮುಖ ಮರಗಟ್ಟಿತ್ತು. ನನ್ನ ಟ್ರ್ಯಾಕ್ಟರ್ ಪಂಪಿನ ಮನೆ ಕಡೆಯ ತುಂಡನ್ನು ಸುತ್ತುತ್ತಿತ್ತು, ಅಂಚಿನಿಂದ ಒಳಕ್ಕೆ. ಮೈದುನ ಓಡಿಸುತ್ತಿದ್ದ. ಉಳಿದ ಮೂರು ತುಂಡುಗಳನ್ನು ಯಾರೂ ಮುಟ್ಟಿರಲಿಲ್ಲ. ಒಂದು ಬದಿಗೆ ಬಲೆ ಕಟ್ಟಿದ್ದರು. ಮೈದುನನ ಇಬ್ಬರು ಗೆಳೆಯರು ದೊಣ್ಣೆ ಹಿಡಿದು ಹಲ್ಲು ಕಿರಿಯುತ್ತ ನಿಂತಿದ್ದರು. ಬಲೆಯ ಒಂದು ತುದಿಯನ್ನು ಹಿಡಿದಿದ್ದವರು ನನ್ನ ಗಂಡ.

ನಿಲ್ಲಿಸೋ ಎಂದು ಕೂಗಿಕೊಂಡು ಓಡಿದೆ. ಹತ್ತಿಯ ನಡುವಿನಿಂದ ಬರೀ ಗೊರಗೊರ ಸದ್ದು ಹೊರಟಿತು. ಅದನ್ನು ಕೇಳಿ ಅವರು ಇನ್ನೂ ನಕ್ಕರು. ಒಬ್ಬ, ಅಕ್ಕ ಹಾಡ್ತಿದ್ದಾಳೆ ಕಣ್ರೋ ಎಂದ. ಉಳಿದಿದ್ದ ಹುಲ್ಲು ಒಂದು ಚಾಪೆಯಷ್ಟು. ಹಕ್ಕಿ ಎದ್ದು ಬಲೆಗೆ ಬೀಳುತ್ತದೆಂದು ಅವರೆಲ್ಲ ಕಾಯುತ್ತಿದ್ದರು. ಅದು ಏಳಲಿಲ್ಲ. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿರುವಾಗ ಯಂತ್ರ ಅದರ ಮೇಲೆ ಹಾದುಹೋಯಿತು.

ಹಕ್ಕಿಯ ತಲೆ ಇರಲಿಲ್ಲ. ಮೈ ಮಾತ್ರ ರೆಕ್ಕೆ ಹರಡಿಕೊಂಡು ಗೂಡಿನ ಮೇಲೆ ಕೂತ ಹಾಗೇ ಇತ್ತು. ಎತ್ತಿ ನೋಡಿದರೆ ಒಡೆದ ಚಿಪ್ಪು, ರಕ್ತ, ಒದ್ದೆ ಪುಕ್ಕ. ಅದರಲ್ಲಿ ಒಂದು ಮರಿಯ ಕೊಕ್ಕು ಎರಡು ಸಲ ತೆರೆದು ಮುಚ್ಚಿಕೊಂಡಿತು. ಎರಡು ಮೊಟ್ಟೆ ಇಡಿಯಾಗಿದ್ದವು. ಕಿವಿಗೆ ಹಿಡಿದರೆ ಒಳಗೆ ಟಕ್ ಟಕ್ ಎನ್ನುತ್ತಿದ್ದವು. ಮೈದುನ ಇಳಿದು ಬಂದು, ಥತ್, ಎಲ್ಲಾ ಹಾಳಾಯ್ತು, ಹಾರೋಕೇನು ಧಾಡಿ ಇದಕ್ಕೆ ಎಂದ. ನಾನು ಹತ್ತಿಯನ್ನು ರಕ್ತದ ಸಮೇತ ಅವನ ಮುಖಕ್ಕೆ ಉಗಿದೆ. ಅದು ನಿಜ, ಬರೆದುಕೊಳ್ಳಿ. ಟ್ರ್ಯಾಕ್ಟರಿನ ಕೀ ಕಿತ್ತುಕೊಂಡೆ. ಅದು ಈಗಲೂ ನನ್ನ ಹತ್ತಿರವೇ ಇದೆ.

ಮೊಟ್ಟೆಗಳನ್ನು ಮನೆಗೆ ತಂದು ಬಟ್ಟೆ ಸುತ್ತಿ ಬಲ್ಬಿನ ಕೆಳಗಿಟ್ಟೆ. ಸಂಜೆಯ ಹೊತ್ತಿಗೆ ಎರಡರ ಸದ್ದೂ ನಿಂತಿತು.

ಆಮೇಲೆ ನನ್ನ ಗಂಡ ಕೈ ತೊಳೆದುಕೊಂಡು ಬಂದು ನನ್ನ ದವಡೆಗೆ ಐಸ್ ಇಟ್ಟರು. ತುಂಬಾ ನೋಯ್ತಿದ್ಯಾ ಎಂದು ಕೇಳಿದರು. ಜಾಗ ಯಾರು ತೋರಿಸಿದ್ದು ಎಂದು ಕೇಳಿದೆ. ತಮ್ಮ ಕೇಳ್ದ, ಹೇಳ್ದೆ, ಒಂದು ಹಕ್ಕಿಗೆ ಇಷ್ಟೊಂದು ರಂಪ ಯಾಕೆ ಎಂದರು. ನಿನಗೂ ಒಂದು ತೊಡೆ ಎತ್ತಿಡೋಣ ಅಂತಿದ್ದೆ, ಮೆತ್ತಗಿರುತ್ತೆ, ಹಲ್ಲಿಲ್ದೇ ಇದ್ರೂ ತಿನ್ಬೋದು ಎಂದೂ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಆ ಕೈ ಮುಟ್ಟಿದ ಕೆನ್ನೆಯನ್ನು ಸೋಪು ಹಾಕಿ ತೊಳೆದೆ. ಆ ರಾತ್ರಿ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಮಲಗಿದೆ.

ಹೇಳಿಕೆ ಬರೆದುಕೊಳ್ಳುವ ಸಾಹೇಬರು, ಯಂತ್ರ ಓಡಿಸಿದವನು ಮೈದುನ, ಅವನ ಹೆಸರು ಸಾಕಲ್ಲಮ್ಮ, ಸಂಸಾರ ಅಂದ್ಮೇಲೆ ಸ್ವಲ್ಪ ನೋಡ್ಕೊಂಡು ಹೋಗ್ಬೇಕು ಎಂದು ಬುದ್ಧಿ ಹೇಳಿದರು. ಅದಕ್ಕೆ ನಾನು ಹೇಳುವುದಿಷ್ಟು: ಮೈದುನ ದಡ್ಡ, ತಿನ್ನುವ ಆಸೆಗೆ ಮಾಡಿದ. ನನ್ನ ಗಂಡ ಹೇಳಿಕೊಟ್ಟಿರದಿದ್ದರೆ ನಾಲ್ಕು ತುಂಡುಗಳಲ್ಲಿ ಗೂಡು ಯಾವುದರಲ್ಲಿದೆ ಎಂದು ಅವನಿಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಮೊದಲನೆಯ ಆರೋಪಿ ಎಂದು ನನ್ನ ಗಂಡನನ್ನು, ಎರಡನೆಯವನಾಗಿ ಮೈದುನನನ್ನು ಬರೆಯಬೇಕೆಂದು ಕೋರುತ್ತೇನೆ.

ಬರೆದದ್ದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ಎರಡನೆಯ ಸಲ ಓದುವಾಗ ನನ್ನ ಗಂಡ ಠಾಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಇದರಲ್ಲಿರುವುದೆಲ್ಲ ನಾನು ಹೇಳಿದ್ದೇ, ಎಲ್ಲವೂ ಸತ್ಯ. ಒಂದಕ್ಷರವನ್ನೂ ಬದಲಾಯಿಸುವುದಿಲ್ಲ.

ಸ್ಥಳ: ಠಾಣೆ
ದಿನ: ಶುಕ್ರವಾರ, ಬೆಳಿಗ್ಗೆ ಹತ್ತೂಕಾಲು
ಸಹಿ: ಟ್ರ್ಯಾಕ್ಟರಕ್ಕ