ಚೊಕ್ಕ ನೀರಿಗೆ ಚರಂಡಿಯಿಲ್ಲ

ಒಂದು ಪೇಟೆ ಅಂತ ಇಟ್ಟುಕೊಳ್ಳಿ. ಪೇಟೆ ಅಂದಮೇಲೆ ಸಾಹುಕಾರ ಇರಲೇಬೇಕಲ್ಲ, ಇದ್ದ. ಪೂಜಾ ಸಾಮಾನಿಗೆ ಮುಲಾಮು ಹಾಕುವ ಕಾರ್ಖಾನೆ ಅವನದು. ಗಾಯಕ್ಕೆ ಹಚ್ಚುವ ಮುಲಾಮಲ್ಲ ತಾಯಂದಿರೇ, ಕಬ್ಬಿಣದ ದೀಪಕ್ಕೆ ಬೆಳ್ಳಿಯ ಹೊಳಪು ಬರಿಸುವ ನಿಕ್ಕಲ್ ಮುಲಾಮು. ದೀಪವನ್ನು ಮೊದಲು ಆಸಿಡ್ಡಿನಲ್ಲಿ ಅದ್ದಬೇಕು, ಆಮೇಲೆ ನಿಕ್ಕಲ್ ನೀರಿನಲ್ಲಿ ಮುಳುಗಿಸಬೇಕು, ಆಮೇಲೆ ತೊಳೆಯಬೇಕು. ದೀಪ ಹೊಳೆಯುತ್ತಿತ್ತು. ತೊಳೆದ ನೀರು? ಅದು ಹಿತ್ತಲ ಪೈಪು ಹಿಡಿದು ಊರಿನ ಒಳಚರಂಡಿಗೆ ಇಳಿಯುತ್ತಿತ್ತು. ಕಾರ್ಖಾನೆಯ ಬಾಗಿಲಲ್ಲಿ ‘ಹಸಿರು ಉದ್ಯಮಿ’ ಎಂಬ ಪ್ರಶಸ್ತಿ ಫಲಕ. ಪ್ರಶಸ್ತಿ ಕೊಟ್ಟವರನ್ನು ಬೈಯಬೇಡಿ, ಅವರು ಸುಳ್ಳು ಹೇಳಿರಲಿಲ್ಲ. ಆ ನೀರು ನಿಜಕ್ಕೂ ಹಸಿರಾಗಿಯೇ ಇತ್ತು!

ಒಳಚರಂಡಿ ಮಂಡಳಿಯವರು ನೀರಿನ ಮಾದರಿ ತೆಗೆದುಕೊಳ್ಳಲು ಆಗಾಗ ಬರುತ್ತಿದ್ದರು. ಬಂದಾಗೆಲ್ಲ ಸಾಹುಕಾರ ಮಾದರಿ ಮನುಷ್ಯನಾಗಿಬಿಡುತ್ತಿದ್ದ. ಗೇಟಿನವನು ಗಂಟೆ ಬಾರಿಸಿದರೆ ಮ್ಯಾನೇಜರ್ ತಿಪ್ಪೇಶಿ ಹಿತ್ತಲಿಗೆ ಓಡುತ್ತಿದ್ದ, ಹಸಿರು ನೀರಿನ ವಾಲ್ವ್ ಮುಚ್ಚುತ್ತಿದ್ದ, ಬೋರ್‌ವೆಲ್ಲಿನ ವಾಲ್ವ್ ಬಿಚ್ಚುತ್ತಿದ್ದ. ಪೈಪು ತೊಳೆದುಕೊಂಡು ತಿಳಿನೀರು ಬರುವುದಕ್ಕೆ ಕಾಲು ಗಂಟೆ ಬೇಕು. ಆ ಕಾಲು ಗಂಟೆಗೆ ಎಳನೀರು. ಏಳು ಸಲ ಬಂದರು, ಏಳು ಸಲವೂ ಎಳನೀರು ಕುಡಿದು ತಿಳಿನೀರು ತುಂಬಿಕೊಂಡು ಹೋದರು.

ಎಂಟನೇ ಸಲ ಬಂದವಳು ಹೊಸ ಇನ್ಸ್‌ಪೆಕ್ಟರಮ್ಮ. ಸಣ್ಣ ಆಳು, ರಬ್ಬರ್ ಬೂಟು, ಜೊತೆಗೆ ಮಂಡಳಿಯ ಇಬ್ಬರು ಕೆಲಸಗಾರರು.

“ಬರ್ರೀ ಮೇಡಂ, ಮೊದ್ಲು ಒಂದು ಎಳನೀರು ಕುಡೀರಿ. ಚರಂಡಿ ಎಲ್ಲಿಗೂ ಓಡಿ ಹೋಗಲ್ಲ.”

“ಚರಂಡಿ ಓಡಲ್ಲ ಸಾವ್ಕಾರ್ರೇ, ಅದರಾಗಿರೋದು ಓಡ್ತೈತಲ್ಲ,” ಎಂದಳು. ಆದರೆ ಆಕೆ ಕೂತಳು. ನಿಧಾನವಾಗಿ ಕುಡಿದಳು. ಕುಡಿದು, “ಗಂಜಿನೂ ತೆಗೆದು ಕೊಡ್ರಿ,” ಎಂದಳು. ಕಾಲು ಗಂಟೆ ಅರ್ಧ ಗಂಟೆಯಾಯಿತು. ಇಂಥ ಒಳ್ಳೆಯ ಅಧಿಕಾರಿಯನ್ನು ದೇವರೇ ಕಳಿಸಿದ ಅಂದುಕೊಂಡ ಸಾಹುಕಾರ. ಕಳಿಸಿದ್ದು ದೇವರೇ ಇರಬೇಕು. ಯಾರ ಪರವಾಗಿ ಕಳಿಸಿದ ಅನ್ನುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಹಿತ್ತಲಲ್ಲಿ ಗುಂಡಿಯ ಮುಚ್ಚಳ ತೆಗೆದರು. ನೀರು ಕನ್ನಡಿಯಂತಿತ್ತು. ಸಾಹುಕಾರನ ಮುಖ ಅದರಲ್ಲಿ ಕಂಡಿತು, ಅದೂ ನಗುತ್ತಿತ್ತು.

“ಸಾವ್ಕಾರ್ರೇ, ಇಷ್ಟು ಚೊಕ್ಕ ನೀರು ನಾನು ನೌಕರಿಗೆ ಸೇರಿದಾಗಿಂದ ನೋಡಿಲ್ಲ!”

“ಎಲ್ಲಾ ಅವನ ದಯೆ.”

“ದಿನಾ ಹಿಂಗೇ ಇರ್ತೈತಾ?”

“ದಿನಾ ಮೇಡಂ! ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ದಿನಾ!”

“ಹಂಗಂತ ಬರ್ಕೊಡ್ತೀರಾ?”

ಬರೆದುಕೊಡದೆ ಏನು? ಬರೆದ, ರುಜು ಹಾಕಿದ, ಸೀಲು ಒತ್ತಿದ. ಆಕೆ ಕಾಗದವನ್ನು ಎರಡು ಸಲ ಓದಿ ಮಡಚಿಟ್ಟುಕೊಂಡು, “ಹಂಗಾದ್ರೆ ನಿಮ್ಮ ಪೈಪು ಮುಚ್ತೀವಿ,” ಎಂದಳು.

“ಆಂ?”

“ಒಳಚರಂಡಿ ಇರೋದು ಕೊಳೆ ನೀರಿಗೆ. ಮಳೆ ನೀರು, ಬೋರ್ ನೀರು, ಚೊಕ್ಕ ನೀರು ಅದಕ್ಕೆ ಬಿಡಂಗಿಲ್ಲ, ಕಾನೂನು ಐತೆ. ನಿಮ್ಮಂಥೋರ ಗಂಗೆನ ಹೊಲಸಿಗೆ ಕೂಡಿಸಿದ್ರೆ ನಂಗೆ ಪಾಪ ಬರ್ತೈತಲ್ರೀ? ಇದೇ ನೀರು ತಿರುಗಿಸಿ ನಿಮ್ಮ ದೀಪ ತೊಳ್ಕಳ್ರಿ.”

ನೋಡಿ, ಆಕೆ ಕೂಗಲಿಲ್ಲ. ಕಳ್ಳ ಅನ್ನಲಿಲ್ಲ. ಸಾಹುಕಾರ ಹೇಳಿದ್ದನ್ನು ನಂಬಿದಳು, ಅಷ್ಟೇ! ಸುಳ್ಳು ಹೇಳುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ ಹೇಳಿ? ಇಬ್ಬರು ಕೆಲಸಗಾರರು ಪೈಪಿನ ಬಾಯಿಗೆ ರಬ್ಬರಿನ ಬಿರಡೆ ಜಡಿದು ಅರಗಿನ ಮುದ್ರೆ ಒತ್ತಿ ಹೋದರು.

ಈಗ ಸಾಹುಕಾರನ ಪಾಡು ಕೇಳಿ. ಮೂರು ದಿನದಲ್ಲಿ ಐನೂರು ದೀಪ ಕಳಿಸುತ್ತೇನೆಂದು ಬೀಗರಿಗೆ ಮಾತು ಕೊಟ್ಟಿದ್ದ. ಬೀಗರ ಹೊಸ ಕಲ್ಯಾಣ ಮಂಟಪ, ಮೊದಲ ಮದುವೆ. ಬೀಗರ ಮುಂದೆ ಮಾತು ತಪ್ಪುವುದೆಂದರೆ ಏನು ಅಂತ ಹೆಣ್ಣು ಕೊಟ್ಟವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಗಳು ತುಂಬಿದವು. ತಿರುಗಿಸಿ ಅದೇ ನೀರಲ್ಲಿ ತೊಳೆಸಿ ನೋಡಿದ. ದೀಪದ ಮೈಮೇಲೆಲ್ಲ ಸಿಡುಬು ಎದ್ದ ಹಾಗೆ ಕಲೆ. ಸಂಜೆಗೆ ಹಸಿರು ನೀರು ನೆಲಕ್ಕೆ ಹರಿದು ಅರವತ್ತು ಜನ ಆಳುಗಳು ಬೆಂಚಿನ ಮೇಲೆ ಹತ್ತಿ ನಿಂತರು.

“ತಿಪ್ಪೇಶಿ, ಏನಾರ ಮಾಡೋ!”

“ಏನ್ ಮಾಡ್ಲಿ ಧಣಿ? ನೀರು ಚೊಕ್ಕ ಐತೆ ಅಂತ ನೀವೇ ಬರ್ಕೊಟ್ರಿ. ಚೊಕ್ಕ ಇಲ್ಲ ಅಂತ ನಾನು ಹೆಂಗೆ ಹೇಳ್ಲಿ?”

ಮರುದಿನ ಬೆಳಗ್ಗೆ ಸಾಹುಕಾರ ತಾನೇ ಊರ ಹೊರಗಿನ ಕೊಳಚೆ ಶುದ್ಧಿ ಮಾಡುವ ಘಟಕಕ್ಕೆ ಹೋದ. ಮೂಗಿಗೆ ಕರವಸ್ತ್ರ ಹಿಡಿದು ಹೋದ. ಅಲ್ಲಿ ಎರಡು ದೊಡ್ಡ ತೊಟ್ಟಿ. ಒಂದರಲ್ಲಿ ಕಾಫಿಯ ನೊರೆಯಂಥ ಕಂದು ನೊರೆ ಉಕ್ಕುತ್ತಿತ್ತು. ಇನ್ನೊಂದು ಬೂದಿ ಬಣ್ಣಕ್ಕೆ ತಿರುಗಿ ಸತ್ತಂತೆ ಮಲಗಿತ್ತು. ಇನ್ಸ್‌ಪೆಕ್ಟರಮ್ಮ ಅದರ ಕಟ್ಟೆಯ ಮೇಲೆ ಕೂತು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದಳು.

“ಬರ್ರೀ, ನೀವೂ ಒಂದೀಟು ನೋಡ್ರಿ.”

ನೋಡಿದ. ಕಂದು ನೀರಿನ ಒಂದು ಹನಿಯಲ್ಲಿ ಏನೇನೋ ಓಡಾಡುತ್ತಿತ್ತು. ಬಾಯಿ ತೆರೆದು ಮುಚ್ಚುವುದು, ತಿನ್ನುವುದು, ತಿರುಗುವುದು, ಒಂದು ಜಾತ್ರೆ!

“ಏನಿವು?”

“ನಮ್ಮ ಆಳುಗಳು. ಊರಿನ ಹೊಲಸೆಲ್ಲ ಇವೇ ತಿಂದು ನೀರು ಶುದ್ಧ ಮಾಡ್ತವೆ. ನಿಮ್ಮನೇದು, ನಮ್ಮನೇದು, ಜಾತಿ ಕೇಳಲ್ಲ. ಆಸಿಡ್ ಬಂದ್ರೆ ಮಾತ್ರ ತಡ್ಕಳಲ್ಲ. ಹೋದ ತಿಂಗಳು ಆ ತೊಟ್ಟಿನಾಗೆ ಒಂದೂ ಉಳೀಲಿಲ್ಲ. ಮೂರು ವಾರದಿಂದ ತಿರುಗಾ ಸಾಕ್ತಾ ಇದೀನಿ. ಅಲ್ಲಿತಂಕ ಅರ್ಧ ಊರಿನ ಕೊಳಚೆ ಹಂಗೇ ಕೆರೆಗೆ ಹೋಗ್ತೈತೆ.”

ಯಾರು ಕೊಂದರು ಅಂತ ಆಕೆ ಹೇಳಲಿಲ್ಲ. ಅವನು ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟ.

“ಮೇಡಂ… ನನ್ನ ನೀರು ಅಷ್ಟೇನು ಚೊಕ್ಕ ಇಲ್ಲ.”

“ಅಯ್ಯೋ, ಹಂಗೆಲ್ಲ ಅನ್ಬಾರ್ದು ಸಾವ್ಕಾರ್ರೇ! ನಾನೇ ಕಣ್ಣಾರೆ ನೋಡೀನಿ!”

“ಇಲ್ಲವ್ವಾ, ಹೊಲಸು ಐತೆ.”

“ನೀವು ದೊಡ್ಡೋರು, ನಾಚ್ಕೆಗೆ ಹಂಗಂತೀರಿ.”

“ನಿನ್ನ ಕಾಲಿಗೆ ಬೀಳ್ತೀನಿ ತಂಗೀ, ಹೊಲಸು ಐತೆ! ಆಸಿಡ್ ಐತೆ, ನಿಕ್ಕಲ್ ಐತೆ, ನೀ ನೋಡಿದ್ದು ಬೋರ್ ನೀರು!”

ಕೇಳಿದಿರಾ? ಏಳು ಸಲ ಎಳನೀರು ಕುಡಿಸಿ ಚೊಕ್ಕ ಅನ್ನಿಸಿಕೊಂಡವನು, ಹೊಲಸು ಅನ್ನಿಸಿಕೊಳ್ಳಲು ಬೇಡಿಕೊಳ್ಳುತ್ತಿದ್ದಾನೆ! ಆಗ ಆಕೆ ಒಂದು ಅರ್ಜಿಯ ಹಾಳೆ ಮುಂದಿಟ್ಟಳು. ಯಾವ ವಿಷ, ಎಷ್ಟು, ದಿನಕ್ಕೆ ಎಷ್ಟು ಹೊತ್ತು, ಎಲ್ಲಕ್ಕೂ ಒಂದೊಂದು ಸಾಲು. ಆಸಿಡ್ ಎಂಬಲ್ಲಿ ಅವನ ಪೆನ್ನು ತಡವರಿಸಿತು.

“ಸ್ವಲ್ಪ ಅಂತ ಬರೀಲಾ?”

“ಸ್ವಲ್ಪ ಅನ್ನೋ ಸಾಲು ಇಲ್ಲ.”

ಇದ್ದದ್ದು ಇದ್ದ ಹಾಗೆ ಬರೆದ. ಬರೆಯುತ್ತ ಹೋದಂತೆ ಅವನಿಗೆ ಒಂದು ವಿಚಿತ್ರ ಅನುಭವವಾಯಿತು. ಹೆದರಿಕೆ ಹೆಚ್ಚಾಗಬೇಕಿತ್ತು, ಕಡಿಮೆಯಾಯಿತು. ಇಷ್ಟು ದಿನ ಗೇಟಿನ ಗಂಟೆ ಬಾರಿಸಿದಾಗೆಲ್ಲ ಎದೆ ಹಾರುತ್ತಿತ್ತಲ್ಲ, ಇನ್ನು ಯಾರು ಬಾರಿಸಿದರೇನು?

ಆಕೆ ಬಿರಡೆಯನ್ನು ಅಂದೇ ತೆಗೆದಳೇ? ಇಲ್ಲ! ನಗುನಗುತ್ತಲೇ ದಂಡದ ಚೀಟಿ ಹರಿದುಕೊಟ್ಟಳು. ಕಾರ್ಖಾನೆಯೊಳಗೇ ಎರಡು ಗುಂಡಿ ತೋಡಬೇಕು, ಸುಣ್ಣ ಹಾಕಿ ಆಸಿಡ್ಡಿನ ಸೊಕ್ಕು ಇಳಿಸಬೇಕು, ನಿಕ್ಕಲ್ಲಿನ ಮಡ್ಡಿಯನ್ನು ತಳಕ್ಕಿಳಿಸಿ ಬೇರೆ ತೆಗೆಯಬೇಕು, ಉಳಿದ ನೀರನ್ನಷ್ಟೇ ಬಿಡಬೇಕು. ಹಾಗೆ ಮಾಡಿದರೆ ಅಪ್ಪಣೆ. ಗುಂಡಿ ತೋಡುವ ಜಾಗವನ್ನು ತಾನೇ ಬಂದು ಸುಣ್ಣದಲ್ಲಿ ಗೆರೆ ಎಳೆದು ತೋರಿಸಿದಳು. ಇಪ್ಪತ್ತು ದಿನ ಹಿಡಿಯಿತು. ದೀಪ ತಡವಾಯಿತು. ಸಾಹುಕಾರ ಬೀಗರಿಗೆ ಫೋನು ಮಾಡಿ, “ದೀಪ ಆಗಲ್ರೀ. ನನ್ನ ಹೊಲಸಿಗೆ ಗುಂಡಿ ತೋಡಿಸ್ತಾ ಇದೀನಿ,” ಎಂದ. ಬೀಗರು ಅರ್ಧ ಗಂಟೆ ಬೈದರು. ಆಮೇಲೆ ಅಟ್ಟದ ಮೇಲಿದ್ದ ಹಳೆಯ ಹಿತ್ತಾಳೆ ದೀಪ ಉಜ್ಜಿ ಹಚ್ಚಿದರು. ಮದುವೆ ಆಯಿತು. ಹೊಸ ದೀಪ ಇಲ್ಲ ಅಂತ ಯಾವ ಮದುವೆ ನಿಂತಿದೆ?

ಕಥೆ ಮುಗಿಯಿತು, ಎಲ್ಲರೂ ನಕ್ಕಿರಿ. ಸಾಹುಕಾರನನ್ನು ನೋಡಿ ನಗುವುದು ಸುಲಭ. ಈಗ ನಿಮ್ಮ ಹಿತ್ತಲಿಗೆ ಹೋಗೋಣವೇ?

ಮನೆಗೆ ನೆಂಟರು ಬಂದಾಗ ಅತ್ತೆ ಸೊಸೆ ಎಷ್ಟು ಚೊಕ್ಕ! ಈ ಮಠಕ್ಕೆ ಬಂದಾಗ ನಿಮ್ಮ ಮುಖ ಎಷ್ಟು ತಿಳಿ! ಬರುವ ಮುಂಚೆ ಯಾವ ವಾಲ್ವ್ ಮುಚ್ಚಿ ಯಾವುದನ್ನು ಬಿಚ್ಚಿ ಬಂದಿರಿ ಅಂತ ನಮಗೆ ಗೊತ್ತಿಲ್ಲವೇ? ತಿಳಿನೀರು ತಂದವನನ್ನು ಗುರು ಏನು ತೊಳೆಯಬೇಕು? ಕೊಳೆ ಇದೆ ಅಂದವನಿಗೆ ದಾರಿ ಇದೆ. ಇಲ್ಲ ಅಂದವನ ಕೊಳೆ ಅವನ ಮನೆಯೊಳಗೇ ಏರುತ್ತದೆ, ಬೆಂಚು ಹತ್ತಿ ನಿಲ್ಲಬೇಕಾಗುತ್ತದೆ.

ಇನ್ನು ಇದನ್ನು ಬರೀ ವೇದಾಂತ ಅಂದುಕೊಂಡು ಎದ್ದು ಹೋಗಬೇಡಿ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯುವವರು ಯಾರು? ಕಕ್ಕಸಿಗೆ ಬಾಟಲಿಗಟ್ಟಲೆ ಆಸಿಡ್ ಸುರಿದು ‘ಫಳಫಳ’ ಅಂತ ಹಿಗ್ಗುವವರು ಯಾರು? ಮಿಕ್ಕ ಬಣ್ಣ, ಹಳೆಯ ಮಾತ್ರೆ, ಬ್ಯಾಟರಿ ನೀರು? ಆ ತೊಟ್ಟಿಯ ಕಾಣದ ಜೀವಗಳು ಕಾರ್ಖಾನೆಯ ವಿಷಕ್ಕೆ ಮಾತ್ರ ಸಾಯುತ್ತವೆ, ಭಕ್ತರ ವಿಷಕ್ಕೆ ಸಾಯುವುದಿಲ್ಲ ಅಂತ ಯಾರು ಹೇಳಿದರು?

ಮೊದಲು ನಮ್ಮದನ್ನೇ ಬರೆದುಕೊಡುತ್ತೇವೆ. ಪ್ರತಿ ಸೋಮವಾರ ಈ ಮಠದಲ್ಲಿ ಮಿರ್ಚಿ ಕರಿಯುತ್ತಾರೆ. ಉಳಿದ ಎಣ್ಣೆ ಎಲ್ಲಿಗೆ ಹೋಗುತ್ತದೆ ಅಂತ ಹದಿನೆಂಟು ವರ್ಷ ನಾವು ಕೇಳಲಿಲ್ಲ. ಮೊನ್ನೆ ಕೇಳಿದೆವು. ಅಡುಗೆಯವರು ಮೋರಿಯ ಕಡೆ ನೋಡಿದರು, ನಾವೂ ನೋಡಿದೆವು. ಇವತ್ತು ಅಡುಗೆಮನೆಯ ಬಾಗಿಲಲ್ಲಿ ಕರಿದ ಎಣ್ಣೆ ಸುರಿಯಲು ಒಂದು ಡಬ್ಬ ಇಟ್ಟಿದ್ದೇವೆ. ಮುಂದಿನ ಸೋಮವಾರ ಬರುವಾಗ ಹೂವು, ಹಣ್ಣು ಬೇಡ. ನಿಮ್ಮ ಬಾಣಲೆಯ ತಳದ ಕರಿ ಎಣ್ಣೆಯನ್ನು ಬಾಟಲಿಯಲ್ಲಿ ತುಂಬಿ, ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿ ಹಿಡಿದುಕೊಂಡು ಬನ್ನಿ.